ದಾಕ್ಷಿಣ್ಯದ ಬೀಳ್ಕೊಡುಗೆ

ಎತ್ತರದ ಪೀಠದಲ್ಲಿ ಕುಳಿತು ನಮ್ಮನ್ನೆಲ್ಲ ಹರಸಿದ ಪೂಜ್ಯ ಭಿಕ್ಷುಗಳೇ, ಸಭೆಯ ಅಧ್ಯಕ್ಷರೂ ಈ ಶಾಲೆಯ ಮುಖ್ಯೋಪಾಧ್ಯಾಯರೂ ಆದ ಥನೊಮ್ ಅವರೇ, ತಡವಾಗಿ ಬಂದರೂ ನಗುತ್ತಲೇ ಬಂದ ಮುಖ್ಯ ಅತಿಥಿಗಳೇ, ಸಹೋದ್ಯೋಗಿಗಳೇ, ನನ್ನ ಮಕ್ಕಳೇ, ಹಿಂದಿನ ಬಾಗಿಲ ಬಳಿ ಅಡುಗೆ ಪಾತ್ರೆಗಳಿಗೆ ಕಾವಲು ನಿಂತಿರುವ ಲಮ್ದುವನ್ ಅಕ್ಕ ಅವರೇ, ಮತ್ತು ಆ ಪಾತ್ರೆಗಳ ಕಡೆಗೇ ಮೂಗು ತಿರುಗಿಸಿಕೊಂಡು ಕುಳಿತಿರುವ ಎಲ್ಲ ಸಭಿಕರೇ,

ಇಷ್ಟು ಹೊತ್ತು ನನ್ನ ಬಗ್ಗೆ ಒಳ್ಳೆಯ ಮಾತುಗಳನ್ನೇ ಆಡಿದಿರಿ. ಕೇಳುತ್ತಾ ಕೇಳುತ್ತಾ, ಯಾರೋ ತೀರಿಕೊಂಡಿರಬೇಕು ಎಂದು ನನಗೇ ಅನುಮಾನ ಬಂತು. ಶನಿವಾರ ನಾನು ಜಪಾನಿಗೆ ಹೊರಡುತ್ತೇನೆ, ಇನ್ನು ಹಾಯಾಗಿ ತವರಿನಲ್ಲಿರುತ್ತೇನೆ ಎಂದು ಎಲ್ಲರೂ ಹೇಳಿದಿರಿ. ಆ ಮಾತಿಗೆ ಆಮೇಲೆ ಬರುತ್ತೇನೆ. ಬರೆದು ತಂದ ಭಾಷಣವೊಂದು ಕೈಚೀಲದಲ್ಲಿದೆ. ಅದು ಅಲ್ಲೇ ಇರಲಿ.

ಜಪಾನಿನಿಂದ ಥಾಯ್ಲೆಂಡಿನ ಈ ಲಂಫೂನಿಗೆ ಟೀಚರಾಗಿ ನಾನು ಬಂದಾಗ ನನಗಿನ್ನೂ ಕೂದಲು ಕಪ್ಪಗಿತ್ತು. ಸುಮಿಯೊ ಎಂಬ ನನ್ನ ಹೆಸರು ನಿಮಗೆ ಹಿಡಿಸಲಿಲ್ಲ. ಒಂದೇ ವಾರದಲ್ಲಿ ಸೋಮ್ ಎಂದು ಕರೆದಿರಿ. ಸೋಮ್ ಎಂದರೆ ಕಿತ್ತಳೆ ಹಣ್ಣು ಎಂದು ತಿಳಿದಾಗ ಸ್ವಲ್ಪ ಬೇಸರವಾಯಿತು. ಆದರೆ ಮರುದಿನ ತರಗತಿಯಲ್ಲಿ ಹಾಜರಿ ಕರೆಯಲು ಹೊರಟರೆ, ಮಕ್ಕಳು ಹೇಳಿದ, ಮನೆಯಲ್ಲಿ ಕರೆಯುವ ಹೆಸರುಗಳು ಹಂದಿ, ಸೀಗಡಿ, ಗುಂಡ, ಕಪ್ಪೆ. ಇವರ ನಡುವೆ ಕಿತ್ತಳೆಯಾಗಿರುವುದು ಮರ್ಯಾದೆಯೇ ಎಂದು ಸಮಾಧಾನ ಮಾಡಿಕೊಂಡೆ. ಅಂದಿನ ಕಪ್ಪೆ ಇಂದು ನಮ್ಮ ಅಧ್ಯಕ್ಷರು. ಕ್ಷಮಿಸಬೇಕು ಥನೊಮ್ ಅವರೇ, ಮಕ್ಕಳಿಗೆ ಇದು ಮೊದಲೇ ಗೊತ್ತಿತ್ತು.

ಬಂದ ಮೊದಲ ದಿನ ಲಮ್ದುವನ್ ಅಕ್ಕ ತಮ್ಮ ಮನೆಯ ಬಾಗಿಲಲ್ಲೇ ಕೇಳಿದರು, "ಊಟ ಆಯ್ತಾ?" ನಾನು ಸತ್ಯ ಹೇಳುವ ಹೆಂಗಸು. ಇಲ್ಲ ಎಂದೆ. ಕೈಯಲ್ಲಿದ್ದ ಪೊರಕೆ ಅಲ್ಲೇ ಬಿಸಾಡಿ, ನನ್ನನ್ನು ಕೂರಿಸಿ, ಅಂಟನ್ನ ಮತ್ತು ಹಂದಿಮಾಂಸದ ಸಾರು ಬಡಿಸಿದರು. ಬೀದಿಗಿಳಿದರೆ ದರ್ಜಿಯೂ ಅದನ್ನೇ ಕೇಳಿದರು, ಔಷಧಿ ಅಂಗಡಿಯವರೂ ಅದನ್ನೇ ಕೇಳಿದರು. ನಾನು ಇಲ್ಲ, ಇಲ್ಲ ಎನ್ನುತ್ತಲೇ ಹೋದೆ, ಅವರು ಬಡಿಸುತ್ತಲೇ ಹೋದರು. ಕೊನೆಗೆ ಆಗ ಸಂಗೀತ ಹೇಳಿಕೊಡುತ್ತಿದ್ದ ನಿಪಾ ಟೀಚರ್ ನನ್ನನ್ನು ಮೂಲೆಗೆ ಕರೆದು ಗದರಿಸಿದರು. "ಹೊಟ್ಟೆ ಹಸಿದಿದ್ರೂ ಆಯ್ತು ಅನ್ಬೇಕು ಕಣೇ. ಪಾಪ, ಅವರಿಗ್ಯಾಕೆ ತೊಂದ್ರೆ ಕೊಡ್ತೀಯ? ಸ್ವಲ್ಪ ದಾಕ್ಷಿಣ್ಯ ಇರಲಿ."

ಸಭಿಕರೇ, ಜಪಾನಿನಲ್ಲಿ ದಾಕ್ಷಿಣ್ಯಕ್ಕೆ ಬರವಿದೆಯೇ? ಇಲ್ಲ, ಹೊತ್ತು ಮಾರುವಷ್ಟಿದೆ. ಆದರೆ ಅಲ್ಲಿ ದಾಕ್ಷಿಣ್ಯ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತದೆ. ಇಲ್ಲಿ ಬಾಗಿಲು ತೆರೆದಿಟ್ಟು ಹೊರಗೆ ಕಾಯುತ್ತದೆ. ನಾನು ಅಕ್ಕನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅಂದಿನಿಂದ ಇಂದಿನವರೆಗೂ ಅಲ್ಲೇ ಇದ್ದೇನೆ. ಪ್ರತಿ ಸಂಜೆ ಅವರು ಊಟ ಆಯ್ತಾ ಎನ್ನುತ್ತಾರೆ. ನಾನು ಆಯ್ತು ಅಕ್ಕ ಎನ್ನುತ್ತೇನೆ. ಅವರು ನಂಬಿದ ಹಾಗೆ ತಲೆಯಾಡಿಸುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಮುಚ್ಚಿಟ್ಟ ತಟ್ಟೆ. ಬೆಳಿಗ್ಗೆ ತಟ್ಟೆ ತೊಳೆದು, ಬರಿದಾಗಿ ಕೊಡಬಾರದೆಂದು ಒಂದು ಹಣ್ಣಿಟ್ಟು, ಅದೇ ಮೆಟ್ಟಿಲ ಮೇಲೆ ಇಡುತ್ತೇನೆ. ಇಷ್ಟು ವರ್ಷಗಳಲ್ಲಿ ಆ ತಟ್ಟೆಯ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿಲ್ಲ.

ಹಾಗೆಂದು ಅಕ್ಕ ಮಿತಭಾಷಿ ಎಂದುಕೊಳ್ಳಬೇಡಿ. ನಾನು ಚಪ್ಪಲಿ ಬಿಡುವ ಮೊದಲೇ ವಯಸ್ಸೆಷ್ಟು, ಸಂಬಳವೆಷ್ಟು, ಗಂಡ ಯಾಕಿಲ್ಲ ಎಂದು ಕೇಳಿ ಮುಗಿಸಿದವರು ಅವರು. ರಜೆ ಮುಗಿಸಿ ಬಂದರೆ, "ಸೋಮ್, ಚೆನ್ನಾಗಿ ಊದ್ಕೊಂಡಿದೀಯ" ಎನ್ನುತ್ತಾರೆ. ಬೇಸರದಲ್ಲಿದ್ದರೆ, "ಮುಖ ಯಾಕೆ ಸುಟ್ಟ ಬದನೆಕಾಯಿ ಆಗಿದೆ?" ಎನ್ನುತ್ತಾರೆ. ನನ್ನ ಊರಿನಲ್ಲಿ ಯಾರಾದರೂ ಹೀಗೆ ಅಂದರೆ ಮನೆ ಬದಲಾಯಿಸುತ್ತಿದ್ದೆ. ಇಲ್ಲಿ ಅವರು ಒಂದು ದಿನ ಏನೂ ಅನ್ನದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಅಧ್ಯಕ್ಷರ ದಾಕ್ಷಿಣ್ಯದ ಬಗ್ಗೆಯೂ ಒಂದು ಮಾತು. ಶಾಲೆಯ ಪಡಸಾಲೆಯಲ್ಲಿ ನಾನು ಎದುರಾದರೆ ಅವರು ಶಿಷ್ಯರಾಗಿ ಸೊಂಟ ಬಗ್ಗಿಸಿ ದಾಟುತ್ತಾರೆ. ಅವರು ನನ್ನ ಮೇಲಧಿಕಾರಿ, ಹಾಗಾಗಿ ನಾನೂ ಬಗ್ಗುತ್ತೇನೆ. ನಾನು ಬಗ್ಗಿದೆನೆಂದು ಅವರು ಇನ್ನಷ್ಟು ಬಗ್ಗುತ್ತಾರೆ. ನೋಡಿದವರಿಗೆ ನಾವಿಬ್ಬರೂ ಏನೋ ಬೀಳಿಸಿಕೊಂಡು ಹುಡುಕುತ್ತಿದ್ದೇವೆ ಅನ್ನಿಸಬೇಕು. ನಗಬೇಡಿ. ಈ ಬೀಳ್ಕೊಡುಗೆ ಹುಟ್ಟಿದ್ದೇ ಹೀಗೆ ಬಗ್ಗಿ ಬಗ್ಗಿ.

ಜೂನ್ ತಿಂಗಳಲ್ಲಿ ಅವರು ಒಂದು ಗೊಂಚಲು ಲಂಯಾಯ್ ಹಣ್ಣು ಹಿಡಿದು ನನ್ನ ಮೇಜಿನ ಬಳಿ ಬಂದರು. "ಗುರುಗಳೇ, ಅರವತ್ತಾಗ್ತಾ ಬಂತು. ಊರ ಕಡೆ ಮನಸ್ಸು ಎಳೀತಿರ್ಬೇಕು, ಅಲ್ವಾ?" ಎಂದರು. ಇದು ಹೊರಡಿ ಎನ್ನುವ ಸೂಚನೆ ಎಂದುಕೊಂಡೆ. ಶಿಷ್ಯ ಗುರುವಿಗೆ ಹೋಗಿ ಎಂದು ನೇರವಾಗಿ ಹೇಳುತ್ತಾನೆಯೇ? ಹೇಳುವುದಿಲ್ಲ. ಹೀಗೇ ಹಣ್ಣು ಹಿಡಿದು ಬಂದು ಹೇಳುತ್ತಾನೆ. ಅವರಿಗೆ ಕಷ್ಟ ಕೊಡಬಾರದೆಂದು ನಾನು ನಕ್ಕು, "ಹೌದಪ್ಪ, ಎಳೀತಿದೆ" ಎಂದೆ. ಅವರೂ ನಕ್ಕು, "ನಿಮ್ಮ ಇಷ್ಟದ ಹಾಗೇ ಆಗ್ಲಿ" ಎಂದರು. ಆಮೇಲೆ ಇಬ್ಬರೂ ಸೇರಿ ಇಡೀ ಗೊಂಚಲು ತಿಂದು ಮುಗಿಸಿದೆವು. ಮರುವಾರವೇ ಬೀಳ್ಕೊಡುಗೆ ಸಮಿತಿ ಆಯಿತು, ಚಪ್ಪರಕ್ಕೆ ಹೇಳಿದರು, ಹೂವಿಗೆ ಹೇಳಿದರು. ಇಷ್ಟೆಲ್ಲ ಆದಮೇಲೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಅಕ್ಕನಿಗೆ ಸುದ್ದಿ ಮುಟ್ಟಿತು. "ಹೋಗ್ತೀಯಂತೆ."

"ಹೂಂ ಅಕ್ಕ."

"ಒಳ್ಳೇದಾಯ್ತು ಬಿಡು. ಮಹಡಿ ಮೆಟ್ಟಿಲು ಗುಡಿಸೋ ಕೆಲ್ಸ ತಪ್ತು."

ಊರಿನಲ್ಲಿ ನನ್ನ ತಮ್ಮನಿಗೆ ಫೋನು ಮಾಡಿದೆ. "ಬರೋದಾದ್ರೆ ಬಾ ಅಕ್ಕ. ಮಡಚೋ ಮಂಚ ಒಂದು ತಂದಿಟ್ಟಿದೀನಿ" ಎಂದ. ಒಳ್ಳೆಯ ಹುಡುಗ. ಮಡಚುವ ಮಂಚದಲ್ಲಿ ಮಲಗಿದವರು ಬೆಳಿಗ್ಗೆ ಅದನ್ನು ಮಡಚಬೇಕು ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಅವನೂ ದಾಕ್ಷಿಣ್ಯದವನೇ.

ನಿನ್ನೆ ಸಂಜೆ ನೀವೆಲ್ಲ ನನ್ನ ಕೈಗೆ ಬಿಳಿ ದಾರ ಕಟ್ಟಿದಿರಿ. ನಾನು ಹುಟ್ಟಿದ ಕಡೆ ಈ ಪದ್ಧತಿ ಇಲ್ಲ. ಮನುಷ್ಯ ಬೆದರಿದರೆ, ನೊಂದರೆ, ದೂರ ಹೊರಟರೆ, ಅವನೊಳಗಿನ ಖ್ವಾನ್ ಎಂಬ ಪುಟ್ಟ ಜೀವ ಮೈಬಿಟ್ಟು ಅಲೆಯುತ್ತದಂತೆ. ಅದನ್ನು ಹೆಸರು ಹಿಡಿದು ಕರೆದು, ದಾರ ಸುತ್ತಿ, ಮೈಗೆ ಕಟ್ಟಿಹಾಕಬೇಕಂತೆ. ಎಲ್ಲರೂ ಸುಖವಾಗಿ ಹೋಗಿ ಬಾ ಎಂದು ಕಟ್ಟಿದಿರಿ. ಕೊನೆಗೆ ಅಕ್ಕ ಬಂದರು. ನನ್ನ ಮುಖ ನೋಡಲಿಲ್ಲ. ಮಣಿಕಟ್ಟು ಹಿಡಿದು, ಅದರ ಜೊತೆ ಮಾತಾಡಿದರು.

"ಬಾರಮ್ಮ ಖ್ವಾನ್, ಬಾ. ಕಾಡಲ್ಲಿ ಅಲೀಬೇಡ, ಹೊಳೇಲಿ ನಿಲ್ಬೇಡ" ಎಂದರು. ಇದು ಎಲ್ಲರೂ ಹೇಳುವ ಮಾತು. ಆದರೆ ಅವರು ನಿಲ್ಲಿಸಲಿಲ್ಲ. "ಕಡಲು ದಾಟ್ಬೇಡ. ಅಲ್ಲಿ ಹಿಮ ಬೀಳತ್ತೆ, ನಿಂಗೆ ಮಂಡಿನೋವು. ನಿನ್ನ ಹಾಸಿಗೆ ಮಹಡಿ ಮೇಲೇ ಇದೆ, ಯಾರಿಗೂ ಕೊಟ್ಟಿಲ್ಲ, ಕೊಡೋದೂ ಇಲ್ಲ. ನಿನ್ನ ಚಪ್ಪಲಿ ಮೆಟ್ಟಿಲ ಹತ್ರ ಹಾಗೇ ಇರ್ಲಿ. ಊಟ ಮುಚ್ಚಿಟ್ಟಿದೀನಿ. ಈ ಹೆಂಗಸಿಗೆ ಬುದ್ಧಿ ಇಲ್ಲ, ಅವಳು ಬೇಕಾದ್ರೆ ಹೋಗ್ಲಿ. ನೀನು ಬಾ."

ಆಮೇಲೆ ದಾರವನ್ನು ಎಷ್ಟು ಬಿಗಿಯಾಗಿ ಕಟ್ಟಿದರೆಂದರೆ, ನೋಡಿ, ಗುರುತು ಇನ್ನೂ ಇದೆ. ನನಗೆ ಹೇಳಲಾರದ್ದನ್ನು ಅವರು ನನ್ನ ಖ್ವಾನ್‌ಗೆ ಹೇಳಿದರು. ಅವರ ಹಿಂದೆ ನಿಂತಿದ್ದ ಅಧ್ಯಕ್ಷರು ನೆಲ ನೋಡುತ್ತಿದ್ದರು. ನಾನು ಜಪಾನಿನವಳಂತೆ ತಲೆ ಬಾಗಿಸಿ ವಂದಿಸಿದೆ. ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಸಭಿಕರೇ, ಒಬ್ಬ ಹೆಂಗಸು ಅಲ್ಲಿ, ಅವಳ ಖ್ವಾನ್ ಇಲ್ಲಿ ಆದರೆ ಬದುಕುವುದು ಹೇಗೆ? ನೀವು ಕಲಿಸಿದ ದಾಕ್ಷಿಣ್ಯವನ್ನು ಈ ಹೊತ್ತು ನಾನು ಈ ವೇದಿಕೆಯ ಮೇಲೆ ಬಿಡುತ್ತಿದ್ದೇನೆ. ಪರದೇಶಿ ಹೆಂಗಸು, ರೀತಿ ರಿವಾಜು ತಿಳಿಯದು ಎಂದು ಕ್ಷಮಿಸಿಬಿಡಿ. ಥನೊಮ್, ಜೂನ್ ತಿಂಗಳ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟೆ. ನನ್ನ ಮನಸ್ಸು ಎಳೆಯುತ್ತಿರುವುದು ಆ ಮಹಡಿಯ ಕಡೆಗೆ. ನನಗೆ ಹೋಗಲು ಇಷ್ಟವಿಲ್ಲ. ನಾನು ಶಾಲೆಗೆ ಬೇಕಾದರೆ ನಾಳೆಯೇ ತರಗತಿಗೆ ಬರುತ್ತೇನೆ. ಶಾಲೆಗೆ ಬೇಡವಾದರೂ ಈ ಊರಲ್ಲೇ ಇರುತ್ತೇನೆ. ಬೇಕೋ ಬೇಡವೋ, ಹಣ್ಣು ತರದೆ ನೇರವಾಗಿ ಹೇಳಪ್ಪ. ಕನ್ನಡಕ ಒರೆಸಿಕೊಂಡರೆ ಸಾಲದು.

ತಲೆಯಾಡಿಸಿದಿರಿ ಅಧ್ಯಕ್ಷರೇ. ಮೇಲಕ್ಕೆ ಕೆಳಕ್ಕೆ ಆಡಿಸಿದಿರಿ, ಇಡೀ ಸಭೆ ನೋಡಿದೆ, ಇನ್ನು ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ನೀವೆಲ್ಲ ಸೇರಿ ಕೊಟ್ಟ ಈ ದೊಡ್ಡ ಸೂಟ್‌ಕೇಸನ್ನು ಮಾತ್ರ ನಾನು ವಾಪಸು ಕೊಡುವುದಿಲ್ಲ. ಅಕ್ಕನ ಕಂಬಳಿಗಳನ್ನು ಇಡಲು ಬೇಕು.

ಅಕ್ಕ, ಬಾಗಿಲ ಹಿಂದೆ ಮರೆಯಾಗಬೇಡಿ. ಸೌಟಿನಿಂದ ಮುಖ ಮುಚ್ಚಿಕೊಳ್ಳಲು ಆಗುವುದಿಲ್ಲ. ಇವತ್ತು ಬೆಳಿಗ್ಗೆಯೂ ನೀವು ಕೇಳಿದಿರಿ, ನಾನು ಆಯ್ತು ಎಂದೆ. ಆಗಿಲ್ಲ ಅಕ್ಕ. ನಿನ್ನೆ ರಾತ್ರಿಯ ತಟ್ಟೆಯನ್ನೂ ಮುಟ್ಟಿಲ್ಲ. ನನಗೆ ತುಂಬಾ ಹಸಿವಾಗಿದೆ. ಈ ಸಲ ತಟ್ಟೆ ಮೆಟ್ಟಿಲ ಮೇಲೆ ಇಡಬೇಡಿ, ನಿಮ್ಮ ಪಕ್ಕದಲ್ಲಿ ಇಡಿ.

ಹೋಗದವಳಿಗೆ ಇಷ್ಟು ಚೆನ್ನಾಗಿ ಬೀಳ್ಕೊಡುಗೆ ಕೊಟ್ಟ ನಿಮಗೆಲ್ಲ ಧನ್ಯವಾದಗಳು. ಊಟಕ್ಕೆ ಏಳೋಣ. ನಮಸ್ಕಾರ.