ಹೇಳಿದವಳನ್ನು ಉಳಿಸಿದ ಪದ್ಮವ್ವ ಸಿಸ್ಟರ್

ಪದ್ಮವ್ವ ಸಿಸ್ಟರ್ ಅವರ ಮನೆಯವರೇ, ಮುಧೋಳ, ಬೀಳಗಿ, ಬನಹಟ್ಟಿಗಳಿಂದ ಬಂದಿರುವ ಅವರ ವಿದ್ಯಾರ್ಥಿನಿಯರೇ, ಹಿರಿಯರೇ — ಎಲ್ಲರಿಗೂ ನಮಸ್ಕಾರ. ಅವರನ್ನು ಕುರಿತು 'ಇದ್ದರು' ಎನ್ನಲು ನನ್ನ ನಾಲಿಗೆ ಇನ್ನೂ ಒಪ್ಪುತ್ತಿಲ್ಲ.

ಅವರು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ನಾನು ಅದೇ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಎಪ್ಪತ್ತೆಂಟನೆಯ ಇಸವಿಯಲ್ಲಿ ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳಿ ಕುಳಿತುಕೊಳ್ಳುತ್ತೇನೆ.

ಸಾವಳಗಿಯ ಗುರಪ್ಪಜ್ಜ ಕಾಲಿನ ಗಾಯಕ್ಕೆಂದು ವಾರ್ಡಿನಲ್ಲಿದ್ದ. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮೈಯೆಲ್ಲ ಬೆವೆತು, ಮಾತು ತೊದಲಿ, ಕಣ್ಣು ಮೇಲಾದವು. ಡಾಕ್ಟರು ಹೃದಯದ ತೊಂದರೆ ಎಂದುಕೊಂಡರು. ಆ ಹೊತ್ತು ವಾರ್ಡಿನಲ್ಲಿ ಸೂಜಿ ಮಾಡಿದ್ದ ಚಿಮ್ಮಡದ ಮಾದೇವಿ — ನರ್ಸಿಂಗ್ ಎರಡನೆಯ ವರ್ಷದ ಹುಡುಗಿ — ಗೋಡೆಗೆ ಅಂಟಿಕೊಂಡು ನಿಂತಿದ್ದಳು.

ಹಿಂದಿನ ವರ್ಷ ಒಬ್ಬ ಹುಡುಗಿ, ತಪ್ಪು ಗುಳಿಗೆ ಕೊಟ್ಟೆ ಎಂದು ತಾನಾಗಿಯೇ ಹೇಳಿದ್ದಳು. ರೋಗಿಗೆ ಏನೂ ಆಗಲಿಲ್ಲ. ಅವಳನ್ನು ಮಾತ್ರ ಟ್ರಂಕಿನ ಸಮೇತ ಬಸ್ಸು ಹತ್ತಿಸಿದರು. ಊರಿನಲ್ಲಿ ಓದು ಬಿಡಿಸಿ ಮದುವೆ ಮಾಡಿದರು. ಹಾಸ್ಟೆಲಿನ ಹುಡುಗಿಯರು ಅದರಿಂದ ಕಲಿತ ಪಾಠ — ತಪ್ಪು ಮಾಡಿದರೆ ಉಳಿಯಬಹುದು, ಹೇಳಿದರೆ ಉಳಿಯಲಾಗದು.

ಪದ್ಮವ್ವ ಸಿಸ್ಟರ್ ಗದರಲಿಲ್ಲ. ಮಾದೇವಿಯ ಕೈ ಹಿಡಿದು — ಹೀಗೆ — ಮೆಲ್ಲಗೆ ಕೇಳಿದರು:

"ಅಜ್ಜಗ ಏನ ಕೊಟ್ಟಿ, ಹೇಳವ್ವಾ. ಬೈಗುಳ ನನಗಿರಲಿ, ಜೀವ ಅವಂಗಿರಲಿ."

"ಬಾಜೂ ಕಾಟಿನವ್ರ ಸಕ್ರಿ ರೋಗದ ಸೂಜಿ ಇವ್ರಿಗೆ ಮಾಡೇನ್ರೀ."

ಇನ್ಸುಲಿನ್‌ನಿಂದ ರಕ್ತದ ಸಕ್ಕರೆ ಕುಸಿದಿದೆ ಎಂದು ತಿಳಿದು ಕೂಡಲೇ ಗ್ಲೂಕೋಸ್ ಏರಿಸಿದರು. ನೋಡನೋಡುತ್ತಲೇ ಅಜ್ಜ ಕಣ್ಣು ಬಿಟ್ಟ, ನೀರು ಕೇಳಿದ.

ಹುಡುಗಿಯನ್ನು ಇಂದೇ ಮನೆಗೆ ಕಳಿಸಿ ಎಂದರು ಡಾಕ್ಟರು. ಅವರೆದುರು ನಾವ್ಯಾರೂ ಕತ್ತೆತ್ತಿ ಮಾತಾಡಿದವರಲ್ಲ. ಸಿಸ್ಟರ್ ಮಾತ್ರ ದನಿ ಏರಿಸದೆಯೇ ಹೇಳಿದರು:

"ಈಕಿ ಬಾಯಿ ಬಿಟ್ಟಿದ್ದಕ್ಕ ಅಜ್ಜ ಉಳದಾನ್ರೀ. ಈಕಿನ್ನ ಕಳಿಸಿದ್ರ ನಾಳೆ ಯಾರ ಬಾಯಿ ಬಿಡತಾರ? ಕಳಸೂದಿದ್ರ ಕಲಿಸಿದಾಕಿ ನಾನು, ನನ್ನ ಕಳಸ್ರಿ."

ಅಷ್ಟಕ್ಕೇ ನಿಲ್ಲಲಿಲ್ಲ — ಹೊರಗೆ ಕುಳಿತಿದ್ದ ಅಜ್ಜನ ಹೆಂಡತಿ ಕರೆವ್ವನ ಬಳಿಗೆ ಮಾದೇವಿಯನ್ನೂ ಕರೆದುಕೊಂಡು ಹೋಗಿ, ಒಂದನ್ನೂ ಮುಚ್ಚಿಡದೆ ಹೇಳಿದರು. ಕರೆವ್ವ ಬೈದಳು, ಅತ್ತಳು. ಕೊನೆಗೆ ಮಾದೇವಿಗೆ ಅಂದಳು:

"ಗಾಯಕ್ಕ ಸಂಜೀ ಮಾಡೂ ಸೂಜಿನೂ ನೀನ ಮಾಡು. ನಾ ಬಾಜೂಕ ನಿಂತಿರತೇನಿ."

ಮಾದೇವಿ ಉಳಿದಳು. ಸಿಸ್ಟರ್‌ಗೆ ಸಿಗಬೇಕಿದ್ದ ಬಡ್ತಿ ಮಾತ್ರ ಸಿಗಲಿಲ್ಲ. ಅವರು ಅದರ ಮಾತೇ ಎತ್ತಲಿಲ್ಲ. ಆದರೆ ಆಮೇಲೆ, ತಪ್ಪಾದಾಗ ಹುಡುಗಿಯರು ಅಡಗಿಕೊಳ್ಳಲಿಲ್ಲ — ಅವರ ಕೋಣೆಗೆ ಓಡುತ್ತಿದ್ದರು. ಅದರಿಂದ ಎಷ್ಟು ಜೀವ ಉಳಿದವೋ, ಬಲ್ಲವರಿಲ್ಲ.

ಬನ್ನಿ, ಎಲ್ಲರೂ ಎದ್ದು ನಿಲ್ಲೋಣ. ಬಾಯಿ ಬಿಟ್ಟು ಮಾತಾಡಲು ಕಲಿಸಿದ ಆ ತಾಯಿಗಾಗಿ — ಒಂದಿಷ್ಟು ಹೊತ್ತು ಮೌನವಾಗಿರೋಣ.