ಪಟ್ಟಿ ಬರೆದವರು ಯಾರು?

ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ವಯಸ್ಸಾದ ಅಣ್ಣ, ತಂಗಿ ಕೂತಿದ್ದರು.

“ಅಣ್ಣಾ, ನನ್ನ ಮಗಳು ಬ್ರಾಹ್ಮಿ ಫೋನ್ ಮಾಡಿದ್ಲು. ಅಕಿ ವಿಮಾನದ ಕಂಪನಿ ಇನ್ನೊಂದರ ಕೂಡ ಸೇರ್ತಂತ.”

“ಪೈಲಟ್ ನೌಕರಿ ಹೋತೇನು?”

“ನೌಕರಿ ಐತಿ. ಕ್ಯಾಪ್ಟನ್ ಆಗೂ ಪಾಳಿಯಾಗ ಆರನೂರು ಮಂದಿ ಹಿಂದ ಬಿದ್ದಾಳ.”

“ಪಟ್ಟಿ ಯಾರು ಮಾಡ್ಯಾರ?”

“ಆ ಕಡೆ ಕಂಪನಿಯವರು. ನೌಕರಿಗೆ ಸೇರಿದ ತಾರೀಖು ನೋಡೇ ಮಾಡೇವಿ ಅಂತಾರ.”

“ನಂಬಬ್ಯಾಡ. ನಮ್ಮ ಸಕ್ಕರಿ ಫ್ಯಾಕ್ಟರಿಯಾಗೂ ಕಬ್ಬು ಹಚ್ಚಿದ ತಾರೀಖಿನ ಮ್ಯಾಲೇ ಕಡಿಯೋ ಪಾಳಿ ಇತ್ತು. ಬೇಕಾದವರ ತಾರೀಖು ತಿಂಗಳ ಹಿಂದಕ್ಕ ಸರೀತಿತ್ತು.”

“ಅಣ್ಣಾ, ಆ ಪಟ್ಟಿ ನೀನ ಬರೀತಿದ್ದಿ ಅಲ್ಲ?”

ಐಗಳಿ ಬಸ್ಸು ಬಂತು. ಅಣ್ಣ ಚೀಲ ಎತ್ತಿಕೊಂಡು ಎದ್ದ.

“ಅದಕ್ಕ ಹೇಳಾಕತ್ತೇನಿ, ನಂಬಬ್ಯಾಡ.”

ತಂಗಿ ಅವನ ಹಿಂದೆಯೇ ಹತ್ತಿದಳು. ಅವನ ಪಕ್ಕದ ಸೀಟು ಖಾಲಿಯಿದ್ದರೂ ಬೇರೆ ಕಡೆ ಹೋಗಿ ಕೂತಳು.