ಜೌಗಿನಾಚೆಯ ಬಿಳಿ ಗುರುತು

ಇದು ನನ್ನ ದೊಡ್ಡಪ್ಪನ ಮಗಳು ಐಲಾಗೆ ಆದದ್ದು. ಅವಳೇ ಹೇಳಿದ್ದು... ಒಂದೇ ಸಲ.

ಲೇಕ್ ಸುಪೀರಿಯರ್ ದಂಡೆಯ ನಮ್ಮ ಊರಲ್ಲಿ ಅಕ್ಟೋಬರ್ ಮಳೆ ಹಿಡಿದರೆ ಬಿಡುವುದಿಲ್ಲ. ಕತ್ತಲಾಗಿತ್ತು. ಐಲಾ ಬಿಲ್ಲು ಹಿಡಿದು ಪಾಳು ಹೊಲದ ಬಾವಿಯ ಪಕ್ಕದಿಂದ ಮನೆಗೆ ಬರುತ್ತಿದ್ದಳು. ಬಾವಿಯ ತಗಡಿನ ಮುಚ್ಚಳದ ಮೇಲೆ ಹನಿ... ಟಕ್... ಟಕ್ ಟಕ್. ಗಂಡ ಅರ್ವಿಡ್ ಮಾರ್ಚಿನಲ್ಲಿ ತೀರಿಕೊಂಡಿದ್ದ. ಅವನಿಲ್ಲದೆ ಇದೇ ಮೊದಲ ಬೇಟೆ.

ಎದುರಿಗೆ ಟಾರ್ಚು. ಹುಡುಕಿಕೊಂಡು ಬಂದ ಮೈದುನ ರೂಡಿ.

“ತಾಗ್ತಾ, ಅತ್ತಿಗೆ?”

“ತಾಗ್ತು. ಹೊಟ್ಟೆಗೆ.”

“ಕಾದ್ರಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಹೊಟ್ಟೆಗೆ ಬಾಣ ಬಿದ್ದ ಜಿಂಕೆಯ ಹಿಂದೆ ಕೂಡಲೇ ಹೋಗಬಾರದು. ಬಿಟ್ಟರೆ ಹತ್ತಿರದಲ್ಲೇ ಮಲಗಿ ಪ್ರಾಣ ಬಿಡುತ್ತದೆ. ಮಳೆ ರಕ್ತ ತೊಳೆದೀತೆಂದು ಹೆದರಿ ಐಲಾ ಕಾದು ಕೂತಿದ್ದ ಮರದಿಂದ ಆಗಲೇ ಇಳಿದಿದ್ದಳು. ಮಲಗಿದ್ದ ಜಿಂಕೆ ಎದ್ದು ಜೌಗಿಗೆ ಓಡಿತ್ತು. ರಕ್ತದ ಜಾಡೂ ಅಳಿಸಿತ್ತು.

“ಒಲೆ ಮೇಲಿನ ಕಾಫಿಗೇ ಕಾಯೋರಲ್ಲ ನೀವು.”

“ನಗಬೇಡ ರೂಡಿ. ಅದು ಎಲ್ಲೋ ನರಳ್ತಾ ಬಿದ್ದಿದೆ... ನನ್ನಿಂದ.”

ಇಬ್ಬರೂ ವಾಪಸು ಹೋದರು. ಕೊನೆಯ ರಕ್ತ ಕಂಡ ಜಾಗದಲ್ಲಿ ಅವಳೇ ಕಟ್ಟಿದ್ದ ಕಿತ್ತಳೆ ಪ್ಲಾಸ್ಟಿಕ್ ಪಟ್ಟಿ ಇತ್ತು. ಅದರ ಮುಂದೆ, ಯಾರೂ ಹೋಗದ ಕಡೆ, ಕೊಂಬೆಗೆ ಸಿಕ್ಕಿಸಿದ ಬಿಳಿ ಚೂರು. ಟಿಶ್ಯೂ ಪೇಪರ್. ಅದರಾಚೆ ಇನ್ನೊಂದು.

“ನೀನು ಕಟ್ಟಿದ್ದಾ?”

“ನಾನು ಈಗ ತಾನೇ ಬಂದೆನಲ್ಲ!”

“ಮಳೇಲಿ ಟಿಶ್ಯೂ ಸಿಕ್ಸೋ ಹುಚ್ಚ...” ಐಲಾ ಪಿಸುಗುಟ್ಟಿದಳು, “...ಒಬ್ಬನೇ ಇದ್ದ.”

ಪ್ಲಾಸ್ಟಿಕ್ ಕಾಡಿನಲ್ಲೇ ಉಳಿಯುತ್ತದೆಂದು ಅರ್ವಿಡ್ ಸಾಯುವತನಕ ಜಾಡಿಗೆ ಟಿಶ್ಯೂವನ್ನೇ ಸಿಕ್ಕಿಸುವ ಹಟ ಬಿಡಲಿಲ್ಲ.

ಚೂರಿನಿಂದ ಚೂರಿಗೆ ನಡೆದರು. ಪಚಕ್... ಪಚಕ್... ಮಳೆ, ಬೂಟಿನ ಸದ್ದು ಬಿಟ್ಟರೆ ಏನೂ ಇಲ್ಲ. ಮುರಿದುಬಿದ್ದ ಸೀಡರ್ ಮರದಡಿ ಜಿಂಕೆ ಸಿಕ್ಕಿತು. ಸತ್ತಿತ್ತು. ಐಲಾ ಮಂಡಿಯೂರಿ ಅದರ ಕುತ್ತಿಗೆ ಮುಟ್ಟಿದಳು. ಇನ್ನೂ ಬಿಸಿ.

ತಲೆಯೆತ್ತಿದಾಗ ಕಂಡಿತು. ಗುರುತುಗಳು ಜಿಂಕೆಯ ಹತ್ತಿರ ನಿಂತಿರಲಿಲ್ಲ. ಮುಂದೆ ಇನ್ನೊಂದು. ನೀರಿನಾಚೆ ಮತ್ತೊಂದು.

ಅವಳು ಎದ್ದಳು. ಒಂದು ಹೆಜ್ಜೆ ಇಟ್ಟಳು. ರೂಡಿ ತೋಳು ಹಿಡಿದ.

“ಅತ್ತಿಗೆ... ಜಿಂಕೆ ಸಿಕ್ತಲ್ಲ.”

“ಸಿಕ್ತು.”

“ಮತ್ತೆ?”

“ಇಷ್ಟು ದೂರ ಒಬ್ಬನೇ ಹೋಗಿದಾನೆ, ರೂಡಿ.”

ಆದರೂ ತಿರುಗಿದಳು. ಇಬ್ಬರೂ ಜಿಂಕೆ ಎಳೆದುಕೊಂಡು ಬಂದರು.

ಮರುದಿನ ಶಾಲೆಗೆ ರಜೆ ಹಾಕಿ ನಾನೇ ಹೋಗಿ ನೋಡಿದೆ. ಮಳೆ ಇನ್ನೂ ಸುರಿಯುತ್ತಿತ್ತು. ನೀರಿನಾಚೆಯ ಕೊಂಬೆಯಲ್ಲಿ ಒಂದು ಚೂರು ಮಾತ್ರ ಉಳಿದಿತ್ತು. ಮುಟ್ಟಿದೆ. ನೀವು ನಂಬಿ, ಬಿಡಿ... ನನ್ನ ಕೈಯಾರೆ ಮುಟ್ಟಿದ್ದೇನೆ.

ಒಣಗಿತ್ತು.